ಹೊಲಿಗೆ ಬಾಯಮ್ಮನ ಚಾಕಲೇಟು ಚೆಂಡು

ಉಂಡೆ ಕಟ್ಟುವಾಗ ಬೆರಳಿಗೆ ಅಡಿಕೋಲಿನ ಪೆಟ್ಟು ತಿಂದ ಶಿಕ್ಷಕಿ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಆಗ ನನಗೆ ಇಪ್ಪತ್ತೆರಡು ವರ್ಷ. ಟ್ರೈನಿಂಗ್ ಮುಗಿಸಿ ಬಂದು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಹೊಡೆದವರು ನನ್ನ ಮೇಲಧಿಕಾರಿಯೂ ಅಲ್ಲ, ಅತ್ತೆಯೂ ಅಲ್ಲ. ಅದೇ ಶಾಲೆಯ ಹೊಲಿಗೆ ಟೀಚರು. ಕಳೆದ ತಿಂಗಳು ಅವರು ತೀರಿಕೊಂಡರು. ಅವರ ಊರಾದ ಮಡಂತ್ಯಾರಿಗೆ ಹೋಗಿ ಮಣ್ಣು ಹಾಕಿ ಬಂದೆ. ಬಂದವಳು ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಗುತ್ತಿದ್ದುದನ್ನು ಕಂಡು ಸೊಸೆ ಗಾಬರಿಯಾದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಊರಿನವರಿಗೆ ಗುರುತು ಹತ್ತಲಿಕ್ಕಿಲ್ಲ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುವುದು ವಾಡಿಕೆ. ಹಾಗಾಗಿ ಹೆಡ್ಮಾಸ್ಟರರಿಂದ ಹಿಡಿದು ಒಂದನೆಯ ತರಗತಿಯ ಪುಟ್ಟ ಮಕ್ಕಳವರೆಗೆ ಎಲ್ಲರಿಗೂ ಅವರು ಹೊಲಿಗೆ ಬಾಯಮ್ಮ. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಳತೆಯ ಟೇಪು ಸದಾ ಕೊರಳಲ್ಲಿ, ನಾಲ್ಕೈದು ಗುಂಡುಸೂಜಿ ಸದಾ ತುಟಿಗಳ ನಡುವೆ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಹೊಸಬರಿಗೆ ಒಂದು ಪದವೂ ಅರ್ಥವಾಗದು, ಹಳಬರಿಗೆ ಒಂದು ಪದವೂ ತಪ್ಪದು.

ಮನುಷ್ಯರನ್ನು ಅವರು ನೆನಪಿಡುತ್ತಿದ್ದುದು ಹೆಸರಿನಿಂದಲ್ಲ, ಅಳತೆಯಿಂದ. ನಾನು ಕೆಲಸಕ್ಕೆ ಸೇರಿದ ದಿನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ರವಕೆಗೆ ಮುಕ್ಕಾಲು ಗಜ ಸಾಕು. ಊಟ ಸರಿಯಾಗಿ ಮಾಡುವುದಿಲ್ಲವಾ ಟೀಚರ್?" ಎಂದರು. ನಮ್ಮ ಸಂಭಾಷಣೆ ಶುರುವಾದದ್ದು ಹಾಗೆ. ಹೆಡ್ಮಾಸ್ಟರರನ್ನು ಹಿಂದಿನಿಂದ 'ಹದಿನಾಲ್ಕೂವರೆ' ಎನ್ನುತ್ತಿದ್ದರು. ಅದು ಅವರ ಅಂಗಿಯ ಕಾಲರಿನ ಅಳತೆ. "ಹದಿನಾಲ್ಕೂವರೆ ಕುತ್ತಿಗೆಗೆ ಹೌದು ಅಂತ ಅಲ್ಲಾಡಿಸಲಿಕ್ಕೆ ಮಾತ್ರ ಗೊತ್ತು, ಇಲ್ಲ ಅಂತ ಅಲ್ಲಾಡಿಸಲಿಕ್ಕೆ ಗೊತ್ತಿಲ್ಲ" ಎಂಬುದು ಅವರ ಅಭಿಪ್ರಾಯ. ಹೆಡ್ಮಾಸ್ಟರರು ನಿಜಕ್ಕೂ ಸಾತ್ವಿಕರು, ಸ್ವಲ್ಪ ಪುಕ್ಕಲು, ಅಷ್ಟೇ.

ಶಾಲೆ ಮೂಡಬಿದಿರೆಯಿಂದ ಪುತ್ತಿಗೆಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಅಲ್ಲಿನ ಡ್ರಿಲ್ ಮಾಸ್ಟರು ವರ್ಗವಾಗಿ ಹೋದಾಗ ಹುಡುಗಿಯರ ತ್ರೋಬಾಲ್ ಆಟಕ್ಕೆ ದಿಕ್ಕಿಲ್ಲದಂತಾಯಿತು. ಬಲೆಯಾಚೆಯಿಂದ ಬಂದ ಚೆಂಡನ್ನು ಹಿಡಿದು ತಕ್ಷಣ ಆಚೆಗೆ ಎಸೆಯುವ ಸರಳವಾದ ಆಟ ಅದು. ಹರಿದ ಬಲೆಯನ್ನು ಹಿಂದಿನ ವಾರವಷ್ಟೇ ಬಾಯಮ್ಮ ಹೊಲಿದುಕೊಟ್ಟಿದ್ದರು. "ಬಲೆ ಹೊಲಿದವರೇ ಚೆಂಡನ್ನೂ ನೋಡಿಕೊಳ್ಳಲಿ" ಎಂದು ಹೆಡ್ಮಾಸ್ಟರರು ತೀರ್ಪು ಕೊಟ್ಟರು. ಬಾಯಮ್ಮ ನಿಯಮದ ಪುಸ್ತಕ ತರಿಸಿ, ಬಟ್ಟೆಯ ಕಟಿಂಗ್ ಕಲಿಯುವವರ ಹಾಗೆ ಗೆರೆ ಎಳೆದು ಓದಿದರು. ಬಾಯಲ್ಲಿ ಸೂಜಿ ಇದ್ದುದರಿಂದ ಸೀಟಿ ಊದುವಂತಿರಲಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಎತ್ತಿ ಹಿಡಿದು ಚಕ್ ಚಕ್ ಮಾಡುತ್ತಿದ್ದರು. ಅಷ್ಟಕ್ಕೇ ಹುಡುಗಿಯರು ನಿಂತಲ್ಲೇ ಕಲ್ಲಾಗುತ್ತಿದ್ದರು.

ಶಾಲೆಗೆ ಇದ್ದದ್ದು ಒಂದೇ ಚೆಂಡು. ಅದರ ತೊಗಲು ಬಿರಿದಾಗ ಬಾಯಮ್ಮ ಚಮ್ಮಾರನ ದಬ್ಬಣ ತಂದು ತಾವೇ ಹೊಲಿದರು. ಹೊಲಿಗೆ ಬಲವಾಯಿತು, ಚೆಂಡು ವಕ್ರವಾಯಿತು. ಎಡಕ್ಕೆ ಎಸೆದರೆ ಬಲಕ್ಕೆ ವಾಲುತ್ತಿತ್ತು. ನಮ್ಮ ಹುಡುಗಿಯರು ಒಂದು ವರ್ಷವಿಡೀ ಅದರಲ್ಲೇ ಆಡಿ, ಚೆಂಡು ಎಂದರೆ ಹಾಗೆಯೇ ಇರುವುದೆಂದು ನಂಬಿಬಿಟ್ಟಿದ್ದರು.

ಇನ್ನು ಧಣಿಗಳ ವಿಷಯ. ಶಾಲೆಯ ಮ್ಯಾನೇಜರರು ಊರಿನ ಜೈನ ಮನೆತನದ ಹಿರಿಯರು. ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದ, ಮೊಟ್ಟೆಯ ಹೆಸರೆತ್ತಿದರೆ ಎದ್ದು ಹೋಗುವ ಕಟ್ಟುನಿಟ್ಟಿನವರು. ಬಿಳಿ ಮೀಸೆ, ಬೆಳ್ಳಿ ಕಟ್ಟಿನ ಊರುಗೋಲು, ಜೇಬಿನಲ್ಲಿ ಸರಪಳಿ ಗಡಿಯಾರ. ಒಂದು ಜನವರಿಯಲ್ಲಿ ಶಾಲೆಗೆ ಬಂದವರು ಆಟದ ಬಯಲನ್ನು ನೋಡುತ್ತಾ ನಿಂತು ಹೆಡ್ಮಾಸ್ಟರರಿಗೆ ಹೇಳಿದರು:

"ಮಣ್ಣು ಒಳ್ಳೆಯದುಂಟು. ಮಳೆಗಾಲಕ್ಕೆ ಇಲ್ಲಿ ಬಾಳೆ ಹಾಕಿಸುವ. ಹೆಣ್ಣುಮಕ್ಕಳು ಚೆಂಡು ಬಿಸಾಡಿ ಏನಾಗಬೇಕು?"

"ಆಗಬಹುದು ಧಣಿ" ಎಂದಿತು ಹದಿನಾಲ್ಕೂವರೆ ಕುತ್ತಿಗೆ.

ಕಿಟಕಿಯ ಒಳಗಿದ್ದ ಬಾಯಮ್ಮ ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ ಹೊರಗೆ ಬಂದರು. ಅವರು ಸೂಜಿ ತೆಗೆದರೆಂದರೆ ವಿಷಯ ಗಂಭೀರವೆಂದೇ ಅರ್ಥ.

"ಧಣಿಗಳೇ, ಒಂದೇ ಒಂದು ಮ್ಯಾಚು ಕೂತು ನೋಡಿ. ಆಮೇಲೆ ಬಾಳೆ ಬೇಕಾದರೂ ಹಾಕಿ, ಬದನೆ ಬೇಕಾದರೂ ಹಾಕಿ."

ಧಣಿಗಳಿಗೆ ಹೀಗೆ ಎದುರು ನಿಂತು ಮಾತಾಡಿದವರು ಕಡಿಮೆ. ಅವರು ಬಾಯಮ್ಮನ ಕೊರಳಿನ ಟೇಪನ್ನು ನೋಡಿದರು. "ಬರ್ತೇನೆ. ಆದರೆ ಹೊತ್ತು ಮುಳುಗುವ ಮೊದಲು ನನ್ನ ಊಟ ಆಗಬೇಕು, ಗೊತ್ತುಂಟಲ್ಲ?" ಎಂದರು.

ಮಾರ್ಚಿನ ಒಂದು ಶನಿವಾರಕ್ಕೆ ಬೆಳ್ತಂಗಡಿಯ ತಂಡವೊಂದನ್ನು ಕರೆಸುವುದೆಂದಾಯಿತು. ಆಟ ಮುಗಿದ ಮೇಲೆ ಸಣ್ಣದೊಂದು ಪಾರ್ಟಿ. ಹೆಡ್ಮಾಸ್ಟರರು ಅವಲಕ್ಕಿ, ಬಾಳೆಹಣ್ಣು ಸಾಕೆಂದರು.

"ಬಾಳೆಹಣ್ಣಾ?" ಬಾಯಮ್ಮನ ಕಣ್ಣು ಅರಳಿತು. "ಬಾಳೆ ಹಾಕುವ ಅಂತ ಹೇಳಿದವರ ಕೈಗೆ ಬಾಳೆಹಣ್ಣನ್ನೇ ಕೊಡುವುದಾ ಮಾಸ್ಟ್ರೇ?"

ಅವರು ಪ್ರಾಯದಲ್ಲಿ ನಾಲ್ಕು ವರ್ಷ ಮುಂಬಯಿಯ ಒಂದು ಪಾರಸಿ ಮನೆಯಲ್ಲಿ ಹೊಲಿಗೆ ಕೆಲಸಕ್ಕಿದ್ದವರು. ಆ ಮನೆಯ ಹುಡುಗ ಕ್ರಿಕೆಟ್ಟಿನಲ್ಲಿ ಗೆದ್ದಾಗ ಮೇಜಿನ ಮೇಲಿದ್ದದ್ದೆಲ್ಲ ಆಟದ್ದೇ ಆಕಾರದಲ್ಲಿತ್ತಂತೆ. ಬ್ಯಾಟಿನಂಥ ಬಿಸ್ಕೀಟು, ಚೆಂಡಿನಂಥ ಚಾಕಲೇಟು ಉಂಡೆ. ಆ ಉಂಡೆಯನ್ನು ಒಲೆ ಹಚ್ಚದೆ ಮಾಡುವುದನ್ನು ಅವರು ಬಾಗಿಲಲ್ಲಿ ನಿಂತು ನೋಡಿ ಕಲಿತಿದ್ದರು. ಬಿಸ್ಕೀಟಿನ ಪುಡಿ, ಕೊಕೊ ಪುಡಿ, ಸಕ್ಕರೆ, ಬೆಣ್ಣೆ, ಡಬ್ಬಿಯ ಗಟ್ಟಿ ಹಾಲು. ಇಷ್ಟೇ.

"ಮೊಟ್ಟೆ ಇಲ್ಲ, ಬೆಂಕಿ ಇಲ್ಲ, ನೀರೂ ಇಲ್ಲ. ಧಣಿಗಳು ಯಾವ ಬಾಯಲ್ಲಿ ಬೇಡ ಅಂತಾರೆ ನೋಡುವ" ಎಂದರು ನನ್ನಲ್ಲಿ.

ಹಡಗಿನಲ್ಲಿ ಅಡುಗೆಯವನಾಗಿದ್ದ ಅವರ ತಮ್ಮ ಕೊಕೊ ಪುಡಿಯನ್ನೂ ಹಾಲಿನ ಡಬ್ಬಿಗಳನ್ನೂ ಕಳಿಸಿದ. ಪಾರ್ಸೆಲು ಬಂದ ದಿನ ಬಾಯಮ್ಮ ವರಾಂಡದಿಂದಲೇ ಕೂಗಿದರು: "ಮಾಸ್ಟ್ರೇ, ಕೊಕೊ ಬಂತು!"

ಹೆಡ್ಮಾಸ್ಟರರು ಕೈಮುಗಿದರು. "ಬೇಡ ಬಾಯಮ್ಮ. ಒಂದು ತ್ರೋಬಾಲನ್ನೇ ಸುಧಾರಿಸಲಿಕ್ಕೆ ಆಗುವುದಿಲ್ಲ, ಇನ್ನು ಖೋಖೋ ಬೇರೆ ತರಬೇಡಿ."

ಬಿಸ್ಕೀಟಿಗೆ ನಾನು ನನ್ನ ಊರಾದ ಬಂಟ್ವಾಳಕ್ಕೆ ಅವರನ್ನು ಕರೆದುಕೊಂಡು ಹೋದೆ. ಬಾಯಮ್ಮ ಬೇಕರಿಯವನನ್ನು ವಕೀಲರ ಹಾಗೆ ಪ್ರಶ್ನಿಸಿದರು.

"ಇದಕ್ಕೆ ಮೊಟ್ಟೆ ಹಾಕಿದ್ದುಂಟಾ?"

"ಉಂಟು ಬಾಯಮ್ಮ, ಧಾರಾಳ ಹಾಕಿದ್ದೇವೆ."

"ಹಾಗಾದರೆ ಬೇಡ."

ಅವನು ಆಚೀಚೆ ನೋಡಿ ಸ್ವರ ತಗ್ಗಿಸಿದ. "ಇಲ್ಲ ಬಾಯಮ್ಮ. ಹಾಕಿದ್ದೇವೆ ಅಂತ ಹೇಳುವುದು ಮಾತ್ರ. ಮೊಟ್ಟೆಗೆ ಈಗ ಎಷ್ಟು ಕ್ರಯ, ಯಾರು ಹಾಕ್ತಾರೆ?"

"ದೇವರ ಮೇಲೆ ಆಣೆ ಇಟ್ಟು ಹೇಳು."

"ದೇವರಾಣೆ, ನಾನು ಸುಳ್ಳು ಹೇಳುವವನು."

ಬಾಯಮ್ಮ ತೃಪ್ತರಾಗಿ ನಾಲ್ಕು ಕಟ್ಟು ಕೊಂಡರು.

ಪುಡಿ ಮಾಡುವುದೇ ದೊಡ್ಡ ತಲೆನೋವಾಯಿತು. ಮೊದಲ ಸಲ ಅವರ ಬಾಡಿಗೆ ಮನೆಯ ಕಡೆಯುವ ಕಲ್ಲಿನಲ್ಲಿ ಕುಟ್ಟಿದೆವು. ಹಿಂದಿನ ದಿನ ಅದರಲ್ಲಿ ಒಣಮೀನಿನ ಚಟ್ನಿ ಅರೆದಿದ್ದರು. ಕಟ್ಟಿದ ಉಂಡೆಯನ್ನು ನಾನು ಮೂಸಿ ನೋಡಿ ಅವರ ಕೈಗಿತ್ತೆ. ಅವರೂ ಮೂಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಇದನ್ನು ಧಣಿಗಳಿಗೆ ಕೊಟ್ಟರೆ ಬಾಳೆ ಹಾಕುವುದು ಬಯಲಿನಲ್ಲಲ್ಲ, ನನ್ನ ಗೋರಿಯ ಮೇಲೆ" ಎಂದರು ಬಾಯಮ್ಮ.

ಮರುದಿನ ಅವರಿಗೆ ಹೊಸ ಉಪಾಯ ಹೊಳೆಯಿತು. ಹೊಸ ಖಾದಿ ಬಟ್ಟೆಯಲ್ಲಿ ಎರಡು ಪದರದ ಚೀಲ ಹೊಲಿದು, ಬಿಸ್ಕೀಟು ತುಂಬಿಸಿ, ಬಾಯಿ ಬಿಗಿದು ತ್ರೋಬಾಲ್ ಹುಡುಗಿಯರ ಕೈಗೆ ಕೊಟ್ಟರು. "ಅರ್ಧ ಗಂಟೆ ಪ್ರಾಕ್ಟೀಸು. ನೆಲಕ್ಕೆ ಬಿದ್ದರೆ ಕಿವಿ ಹಿಂಡ್ತೇನೆ." ಏಳೂ ಜನ ಚೀಲವನ್ನು ಬಲೆಯಾಚೆ ಈಚೆ ಎಸೆದರು. ನಮ್ಮ ನಾಯಕಿ ಗುಲಾಬಿಗೆ ಮನೆಯಲ್ಲಿ ದಿನವೂ ಭತ್ತ ಕುಟ್ಟಿ ಬಂದ ರಟ್ಟೆಬಲ. ಅವಳು ಎಸೆದ ಚೀಲ ಹಿಡಿದವರ ಎದೆಗೆ ಬಡಿದಾಗ ಒಳಗೆ ಬಿಸ್ಕೀಟು ಮುರಿಯುವ ಸದ್ದು ನನಗೂ ಕೇಳುತ್ತಿತ್ತು. ಬಿಚ್ಚಿ ನೋಡಿದರೆ ಮೈದಾದಷ್ಟು ನಯವಾದ ಪುಡಿ.

ಮ್ಯಾಚಿನ ಹಿಂದಿನ ಸಂಜೆ ಹೊಲಿಗೆ ಕೋಣೆಯಲ್ಲಿ ಉಂಡೆ ಕಟ್ಟಲು ಕೂತೆವು. ಉಂಡೆಯ ಸುತ್ತಳತೆ ನಾಲ್ಕೂವರೆ ಇಂಚು. ಟೇಪು ಹಿಡಿದು ಒಂದೊಂದನ್ನೂ ಅಳೆದರು. ಹೆಚ್ಚಾದರೂ ನನ್ನ ಬೆರಳಿಗೆ ಅಡಿಕೋಲಿನ ಪೆಟ್ಟು, ಕಡಿಮೆಯಾದರೂ ಪೆಟ್ಟು. ನಲವತ್ತು ಕಂದು ಚೆಂಡುಗಳು ಸಾಲಾಗಿ ಕೂತಾಗ ನಾನು, "ಮುಗಿಯಿತಲ್ಲ" ಎಂದೆ.

"ಹೊಲಿಗೆ ಎಲ್ಲಿ? ಹೊಲಿಗೆ ಕಾಣದಿದ್ದರೆ ಅದು ಲಾಡು, ಚೆಂಡಲ್ಲ."

ಬೆಣ್ಣೆಗೆ ಸಕ್ಕರೆ ಪುಡಿ ಕಲಸಿ, ಕಾಗದದ ಕೊಳವೆಯಲ್ಲಿ ತುಂಬಿ, ನಲವತ್ತರ ಮೇಲೂ ಬಿಳಿ ಗೆರೆ ಎಳೆದು, ಗೆರೆಗೆ ಅಡ್ಡಲಾಗಿ ಪುಟ್ಟ ಪುಟ್ಟ ಟಾಕು ಹಾಕಿದರು. ನಾನು ಬದುಕಿನಲ್ಲಿ ಅಷ್ಟು ಚೆಂದದ ತಿಂಡಿ ನೋಡಿರಲಿಲ್ಲ. ಬೆಳಗಿನ ಹೊತ್ತಿಗೆ ಸೆಕೆಗೆ ಎಲ್ಲವೂ ಮೆತ್ತಗಾಗತೊಡಗಿದವು. ಆಗ ಅವನ್ನು ಮುಚ್ಚಳದ ಪಾತ್ರೆಯಲ್ಲಿಟ್ಟು, ಹಗ್ಗ ಕಟ್ಟಿ, ಶಾಲೆಯ ಬಾವಿಗೆ ಇಳಿಸಿ, ನೀರಿಗೆ ಎರಡು ಗೇಣು ಮೇಲೆ ತೂಗಬಿಟ್ಟರು. ಆ ಕಾಲದಲ್ಲಿ ನಮ್ಮ ಫ್ರಿಜ್ಜು ಅದೇ.

ಧಣಿಗಳು ನಾಲ್ಕು ಗಂಟೆಗೆ ಸರಿಯಾಗಿ ಬಂದು ಬೆತ್ತದ ಕುರ್ಚಿಯಲ್ಲಿ ಕೂತು ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡರು. ಬೆಳ್ತಂಗಡಿಯವರು ಬಿಳಿ ಕ್ಯಾನ್ವಾಸು ಬೂಟು ಹಾಕಿಕೊಂಡು, ಹೊಸ ಚೆಂಡು ಹಿಡಿದು ಬಂದಿದ್ದರು. ಮೂರರಲ್ಲಿ ಎರಡು ಗೇಮು ಗೆದ್ದವರಿಗೆ ಜಯ. ಮೊದಲ ಗೇಮಿನಲ್ಲಿ ನಮ್ಮವರು ಹೀನಾಯವಾಗಿ ಸೋತರು. ಹೊಸ ಚೆಂಡು ನೇರವಾಗಿ ಬರುತ್ತಿತ್ತು, ನಮ್ಮವರು ಅದು ವಾಲುತ್ತದೆಂದು ಪಕ್ಕಕ್ಕೆ ಹಾರುತ್ತಿದ್ದರು. ಧಣಿಗಳು ಬಯಲಿನ ಅಂಚನ್ನು ಕಣ್ಣಲ್ಲೇ ಅಳೆಯುವುದನ್ನು ಕಂಡೆ. ಎಷ್ಟು ಬಾಳೆ ಹಿಡಿದೀತು ಎಂದು ಲೆಕ್ಕ ಹಾಕುತ್ತಿರಬೇಕು.

"ಚೆಂಡು ಎಲ್ಲಿ ಕಾಣ್ತದೋ ಅಲ್ಲೇ ಉಂಟು ಮಕ್ಕಳೇ! ಹಾರಬೇಡಿ, ನಿಲ್ಲಿ!" ಎಂದು ಬಾಯಮ್ಮ ಕತ್ತರಿ ಆಡಿಸಿದರು. ಎರಡನೆಯ ಗೇಮು ಶುರುವಾಯಿತು. ಉಂಡೆ ತರಲೆಂದು ನನ್ನನ್ನು ಬಾವಿಗೆ ಓಡಿಸಿದರು.

ಪಾತ್ರೆ ಮೇಲೆತ್ತಿ ಮುಚ್ಚಳ ತೆಗೆದವಳು ಹಾಗೆಯೇ ಕೂತುಬಿಟ್ಟೆ. ನಲವತ್ತು ಚೆಂಡುಗಳಿರಲಿಲ್ಲ. ತಳದಲ್ಲಿ ಒಂದೇ ಒಂದು ಕಂದು ಮುದ್ದೆ. ಬಿಳಿ ಗೆರೆಗಳೆಲ್ಲ ಕಲಸಿಹೋಗಿ ಹುಲಿಮರಿಯ ಮೈಯಂತಾಗಿತ್ತು. ಶಾಲೆಯ ಮುದಿ ಜವಾನ ಬಾಬು ಪಕ್ಕದಲ್ಲಿ ನಿಂತಿದ್ದ.

"ಅದು ಬಾಯಮ್ಮನದ್ದಾ? ಮಧ್ಯಾಹ್ನ ನೀರು ಸೇದುವಾಗ ಕೊಡಪಾನಕ್ಕೆ ಅಡ್ಡ ಬಂತು. ಮೇಲೆ ತೆಗೆದು ಕಟ್ಟೆಯಲ್ಲಿ ಬಿಸಿಲಿಗೆ ಇಟ್ಟಿದ್ದೆ. ಎರಡು ಗಂಟೆ ಕಾದೆ, ಯಾರೂ ಬರಲಿಲ್ಲ. ಪಾಪ ಅಂತ ಪುನಃ ಇಳಿಸಿದೆ" ಎಂದ.

ನನ್ನ ಕೂಗಿಗೆ ಬಾಯಮ್ಮ ಓಡಿ ಬಂದರು. ಮುದ್ದೆಯನ್ನು ನೋಡಿದರು. ಬಾಬುವನ್ನು ನೋಡಿದರು. ನನಗೆ ಅಳು ಬಂದಿತ್ತು. ಅವರು ಬೈಯಲಿಲ್ಲ. "ಬಟ್ಟೆ ತಪ್ಪಿ ಕತ್ತರಿಸಿದರೆ ಅಳುವುದಲ್ಲ ಟೀಚರ್, ಲಂಗಕ್ಕೆ ಬಾರದ್ದು ರವಕೆಗೆ ಬರ್ತದಾ ಅಂತ ನೋಡುವುದು" ಎನ್ನುತ್ತಾ ಪಾತ್ರೆ ಎತ್ತಿಕೊಂಡು ಹೊಲಿಗೆ ಕೋಣೆಗೆ ನಡೆದರು. ಕೈಗೆ ಬೆಣ್ಣೆ ಸವರಿ, ಮುದ್ದೆಯನ್ನು ಅದುಮಿ, ತಿರುಗಿಸಿ, ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಒಂದೇ ಚೆಂಡು ಮಾಡಿದರು. ಮೇಲೆ ಕೊಕೊ ಪುಡಿ ಉದುರಿಸಿದರು. ಉಳಿದಿದ್ದ ಬೆಣ್ಣೆ ಸಕ್ಕರೆಯಲ್ಲಿ ಗೆರೆ ಎಳೆದರು. ಹೊರಗೆ ಒಮ್ಮೆಲೇ ಚೀರಾಟ ಎದ್ದಿತು. ಎರಡನೆಯ ಗೇಮು ನಮ್ಮದು. ಬಾಯಮ್ಮ ತಲೆ ಎತ್ತದೆ ಕೊನೆಯ ಟಾಕು ಹಾಕಿ, "ಬನ್ನಿ" ಎಂದರು.

ಮೂರನೆಯ ಗೇಮು ಎಳೆಯಿತು. ಹನ್ನೆರಡಕ್ಕೆ ಹನ್ನೆರಡು, ಹದಿಮೂರಕ್ಕೆ ಹದಿಮೂರು. ಸೂರ್ಯ ಪಡುವಣ ಗುಡ್ಡದ ನೆತ್ತಿಗೆ ಬಂದಿದ್ದ. ಧಣಿಗಳು ಒಮ್ಮೆ ಗಡಿಯಾರ, ಒಮ್ಮೆ ಗುಡ್ಡ, ಒಮ್ಮೆ ಗುಲಾಬಿ ಎಂದು ನೋಡುತ್ತಿದ್ದರು. ಏಳಲು ಮನಸ್ಸಿಲ್ಲ, ಕೂರಲು ಹೊತ್ತಿಲ್ಲ. ಬಾಯಮ್ಮ ತಟ್ಟೆ ಹಿಡಿದು ಎದುರು ನಿಂತರು.

"ಧಣಿಗಳೇ, ಹೊತ್ತು ಮುಳುಗಲಿಕ್ಕೆ ಇನ್ನೂ ಸ್ವಲ್ಪ ಉಂಟು. ಬಾಯಿ ತಿನ್ನಲಿ, ಕಣ್ಣು ಆಟ ನೋಡಲಿ."

"ಇದೇನಿದು?"

"ಚೆಂಡು. ತಿನ್ನುವುದು."

"ಮೊಟ್ಟೆ?"

"ಇಲ್ಲ."

"ಯಾರ ಒಲೆಯಲ್ಲಿ ಮಾಡಿದ್ದು?" ಅವರು ಕೇಳಿದ್ದು ಒಲೆಯನ್ನೇ ಆದರೂ ಅದರ ಹಿಂದೆ ಜಾತಿಯಿತ್ತು. ಆಗ ಅದು ಎಲ್ಲರಿಗೂ ಸಹಜವಾಗಿ ಕೇಳಿಸುತ್ತಿತ್ತು.

"ಯಾರ ಒಲೆಯಲ್ಲೂ ಅಲ್ಲ. ಬೆಂಕಿ ಮುಟ್ಟಿಲ್ಲ, ನೀರು ಮುಟ್ಟಿಲ್ಲ. ಬೆಣ್ಣೆ ನಿಮ್ಮ ಒಕ್ಕಲಿನ ಮನೆಯದ್ದೇ."

ಹೆಡ್ಮಾಸ್ಟರರಿಗೆ ಸತ್ಯದ ಮೇಲೆ ಹಠಾತ್ತನೆ ಪ್ರೀತಿ ಬಂತು. "ಆದರೆ ಬಿಸ್ಕೀಟು..." ಎಂದು ಶುರು ಮಾಡಿದರು. ನಾನು ಅವರ ಕಾಲು ತುಳಿದೆ. ಅದು ನನ್ನ ಮೊದಲ ಶಿಸ್ತುಭಂಗ.

ಧಣಿಗಳ ಮೀಸೆಯಂಚು ಸ್ವಲ್ಪ ಮೇಲೆ ಹೋಯಿತು. "ಬಿಸ್ಕೀಟು ಎಲ್ಲಿಯದ್ದು ಅಂತ ನಾನು ಕೇಳಿಲ್ಲ ಮಾಸ್ಟ್ರೇ, ನೀವೂ ಹೇಳಬೇಡಿ. ಇದನ್ನು ತುಂಡು ಮಾಡುವುದು ಹೇಗೆ?"

ಬಾಯಮ್ಮ ಸೊಂಟದಿಂದ ಬಿಳಿ ನೂಲಿನ ಉಂಡೆ ತೆಗೆದು, ಹೊಸ ನೂಲನ್ನು ಎರಡು ಕೈಗಳ ನಡುವೆ ಬಿಗಿದು, ಚೆಂಡಿನ ಮೇಲಿಟ್ಟು ಒತ್ತಿದರು. ಬೆಣ್ಣೆಯಲ್ಲಿ ಕೂದಲು ಇಳಿದ ಹಾಗೆ ಚೆಂಡು ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಧಣಿಗಳು ಒಂದು ಹೋಳು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನೊಂದಕ್ಕೆ ಕೈ ಚಾಚಿದರು.

ಹದಿನಾಲ್ಕಕ್ಕೆ ಹದಿನಾಲ್ಕು. ಗೆಲ್ಲಲು ಇನ್ನೊಂದೇ ಅಂಕ. ಚೆಂಡು ಬಲೆಯ ಮೇಲೆ ಹತ್ತು ಸಲ, ಹದಿನೈದು ಸಲ ಹೋಗಿ ಬಂತು. ಧಣಿಗಳು ಮೂರನೆಯ ಹೋಳು ಹಿಡಿದುಕೊಂಡೇ ಎದ್ದು ನಿಂತರು. ಊರುಗೋಲು ಬಿದ್ದುಹೋಯಿತು. ಶಾಲೆಯಲ್ಲಿ ಬರೀ ಕನ್ನಡ ಮಾತಾಡುತ್ತಿದ್ದ ಹಿರಿಯರು ತುಳುವಿನಲ್ಲಿ, "ಬುಡೊಡ್ಚಿ ಮಗಾ, ಬುಡೊಡ್ಚಿ!" (ಬಿಡಬೇಡ) ಎಂದು ಬೊಬ್ಬೆ ಹೊಡೆದರು. ಗುಲಾಬಿ ತಿರುಗಿ ನೋಡಿದಳು. ಧಣಿಗಳ ಬಿಳಿ ಮೀಸೆಯ ಒಂದು ಕಡೆ ಪೂರಾ ಕಂದುಬಣ್ಣಕ್ಕೆ ತಿರುಗಿತ್ತು, ಮೂಗಿನ ತುದಿಯಲ್ಲಿ ಸಕ್ಕರೆಯ ಟಾಕು ಅಂಟಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಕೈಗೆ ಬಂದಿದ್ದ ಚೆಂಡು ಜಾರಿ ನೆಲಕ್ಕೆ ಬಿತ್ತು.

ಸೋತೆವು.

ಗುಲಾಬಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಧಣಿಗಳು ಬಾಯಲ್ಲಿದ್ದದ್ದನ್ನು ನುಂಗಿ ಹೆಡ್ಮಾಸ್ಟರರ ಕಡೆಗೆ ತಿರುಗಿದರು.

"ಬರುವ ವರ್ಷ ಇದೇ ಬಯಲಿನಲ್ಲಿ ಇವರನ್ನು ಸೋಲಿಸಬೇಕು. ಕೇಳಿತಾ?"

"ಆಗಬಹುದು ಧಣಿ... ಬಾಳೆ?"

"ಬಾಳೆ ಯಾರಿಗೆ ಬೇಕು ಮಾರಾಯ!"

ಅಷ್ಟರಲ್ಲಿ ಸೂರ್ಯ ಮುಳುಗಿದ. ಧಣಿಗಳು ನಾಲ್ಕನೆಯ ಹೋಳನ್ನು ಕಷ್ಟಪಟ್ಟು ತಟ್ಟೆಗೆ ವಾಪಸ್ಸಿಟ್ಟು, ಬಾಯಮ್ಮನನ್ನು ಪಕ್ಕಕ್ಕೆ ಕರೆದು, "ನಿಮ್ಮ ವಿಷಯವೂ ಒಂದುಂಟಲ್ಲ" ಎಂದು ಏನೋ ಹೇಳಹೊರಟರು. ಬಾಯಮ್ಮ, "ನನ್ನದು ಇರಲಿ ಧಣಿಗಳೇ. ಇವತ್ತು ಮಕ್ಕಳದ್ದು" ಎಂದುಬಿಟ್ಟರು. ನನಗೆ ಅರ್ಥವಾಗಲಿಲ್ಲ. ಮಕ್ಕಳು ಉಳಿದ ಚಾಕಲೇಟಿಗೆ ಮುತ್ತಿಕೊಂಡಿದ್ದರು, ನಾನೂ ಅಲ್ಲಿಗೆ ಓಡಿದೆ.

ಜೂನಿನಲ್ಲಿ ಶಾಲೆ ತೆರೆದಾಗ ಹೊಲಿಗೆ ಕೋಣೆಗೆ ಬೀಗ ಹಾಕಿತ್ತು. ಹೆಡ್ಮಾಸ್ಟರರು ಮೇಜಿನ ಮೇಲಿನ ಶಾಯಿಬುಡ್ಡಿಯನ್ನು ತಿರುಗಿಸುತ್ತಾ ಹೇಳಿದರು: ಹೊಲಿಗೆ ಟೀಚರ ಹುದ್ದೆ ಬೇಡವೆಂದು ಆಡಳಿತ ಜನವರಿಯಲ್ಲೇ ತೀರ್ಮಾನಿಸಿತ್ತು. ಬಾಯಮ್ಮನಿಗೆ ಅಂದೇ ತಿಳಿಸಿದ್ದರು. ಅವರು ಯಾರಿಗೂ ಹೇಳಬಾರದೆಂದು ಮಾಸ್ಟರರಿಂದ ಮಾತು ತೆಗೆದುಕೊಂಡಿದ್ದರು.

ನಾನು ಅದೇ ಶನಿವಾರ ಬಸ್ಸು ಹತ್ತಿ ಮಡಂತ್ಯಾರಿಗೆ ಹೋದೆ. ಜಗಳ ಮಾಡಲೆಂದೇ ಹೋದದ್ದು. ಅವರು ಮನೆಯ ಜಗಲಿಯಲ್ಲಿ ಮಿಷನ್ನಿನ ಮುಂದೆ ಕೂತಿದ್ದರು. ಸುತ್ತ ಊರಿನ ಏಳೆಂಟು ಹೆಂಗಸರು ಬಟ್ಟೆ ಹಿಡಿದು ಹೊಲಿಗೆ ಕಲಿಯುತ್ತಿದ್ದರು.

"ನನಗಾದರೂ ಹೇಳಬಾರದಿತ್ತಾ?" ಎಂದೆ.

"ಹೇಳಿದ್ದರೆ ನೀವು ಅಳ್ತಾ ಉಂಡೆ ಕಟ್ತಿದ್ದಿರಿ. ಉಂಡೆ ಉಪ್ಪಾಗ್ತಿತ್ತು."

"ಧಣಿಗಳು ತಾವಾಗಿ ಮಾತು ತೆಗೆದರಲ್ಲ. ಒಂದು ಮಾತು ಕೇಳಿದ್ದರೆ ಕೆಲಸ ಉಳಿಯುತ್ತಿತ್ತು."

ಬಾಯಮ್ಮ ತುಟಿಯಿಂದ ಸೂಜಿಗಳನ್ನು ತೆಗೆದರು. "ದೊಡ್ಡವರ ಹತ್ತಿರ ಒಂದು ದಿನಕ್ಕೆ ಒಂದೇ ಕೇಳಬೇಕು ಮಾರಾಯ್ತಿ. ಎರಡು ಕೇಳಿದರೆ ಸಣ್ಣದನ್ನು ಕೊಟ್ಟು ದೊಡ್ಡದನ್ನು ಮರೀತಾರೆ. ನನಗೆ ಹೊಲಿಯಲಿಕ್ಕೆ ಜಗಲಿ ಉಂಟು. ಆ ಮಕ್ಕಳಿಗೆ ಬೇರೆ ಬಯಲು ಎಲ್ಲುಂಟು?"

ಅವರು ನನ್ನನ್ನು ಟೀಚರ್ ಎನ್ನದೆ ಮಾರಾಯ್ತಿ ಎಂದದ್ದು ಅದೇ ಮೊದಲು. ನಾನು ಅಂಗಳದ ಕಡೆಗೆ ಮುಖ ತಿರುಗಿಸಿದೆ. ಅಲ್ಲಿ ಎರಡು ಹಲಸಿನ ಮರಗಳ ನಡುವೆ ಎತ್ತರಕ್ಕೆ ಹಗ್ಗವೊಂದನ್ನು ಕಟ್ಟಿದ್ದರು. ಬಟ್ಟೆ ಒಣಗಿಸಲಿಕ್ಕೆ ಅಷ್ಟು ಎತ್ತರ ಯಾಕೆ ಎಂದು ಯೋಚಿಸುವಷ್ಟರಲ್ಲಿ ಬಾಯಮ್ಮ ಕತ್ತರಿ ಎತ್ತಿ ಚಕ್ ಚಕ್ ಮಾಡಿದರು. ಹೆಂಗಸರೆಲ್ಲ ಬಟ್ಟೆ ಮಡಚಿಟ್ಟು ನಗುತ್ತಾ ಅಂಗಳಕ್ಕೆ ಇಳಿದರು. ಅವರಲ್ಲಿ ಒಬ್ಬರು ಆಗಲೇ ಅಜ್ಜಿಯಾಗಿದ್ದವರು. ಹಗ್ಗದ ಎರಡು ಕಡೆ ಸಾಲಾಗಿ ನಿಂತರು.

"ಕಣ್ಣು ಒರೆಸಿಕೊಂಡು ಬನ್ನಿ" ಎಂದು ಬಾಯಮ್ಮ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಆ ಕಡೆಗೆ ಒಬ್ಬರು ಕಡಿಮೆ ಉಂಟು. ಸೆರಗು ಬಿಗಿಯಾಗಿ ಕಟ್ಟಿ."

ಕಟ್ಟಿದೆ. ಅಜ್ಜಿ ಎಸೆದ ಮೊದಲ ಚೆಂಡೇ ನನ್ನ ಕೈತಪ್ಪಿ ಹೋಯಿತು.